ಪದಚರ್ಚೆ: ‘ಅನುಮಾನಾಸ್ಪದ ಡೌನ್‌ಲೋಡ್’ – ಅನುಮಾನ ಯಾರದ್ದು?

ಗೆಳೆಯರಿಗೆ ನಮಸ್ಕಾರ.

ಇಂಗ್ಲಿಷಿನ ‘ಸಸ್ಪಿಶಿಯಸ್ ಡೌನ್‌ಲೋಡ್’ ಅನ್ನುವುದಕ್ಕೆ ಕನ್ನಡದಲ್ಲಿ ಏನನ್ನಬೇಕು ಅನ್ನುವುದು ಎರಡು ವಾರದಿಂದ ತಲೆ ತಿನ್ನುತ್ತಿದೆ. ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಫೈರ್‌ವಾಲ್ ಲಾಗ್ (ನೆಟ್‌ವರ್ಕಿನ ಒಳಗೆ ಹೊರಗೆ ಹೋಗಿಬರುವುದನ್ನು ಕಾಯುವ ವ್ಯವಸ್ಥೆ ಬರೆದಿಡುವ ದಾಖಲೆ) ಓದಿ, ಬರಬಾರದ ಫೈಲ್ ಏನಾದರೂ ಒಳಗೆ ಬಂದಿದೆಯಾ ಅಂತ ನೋಡುವುದು ಹೇಗೆ ಅನ್ನುವ ನಾಲ್ಕೈದು ಪುಟ, ಅಷ್ಟೆ.

‘ಫೈರ್‌ವಾಲ್’ ಅನ್ನು ಹಾಗೇ ಇಟ್ಟುಕೊಂಡಿದ್ದೇನೆ. ‘ಬೆಂಕಿಗೋಡೆ’ ಅಂದರೆ ಬೆಂಕಿಯಿಂದಲೇ ಕಟ್ಟಿದ ಗೋಡೆ ಅನಿಸುತ್ತದೆ, ಮಣ್ಣುಗೋಡೆ ಮಣ್ಣಿನದಾದ ಹಾಗೆ. ಮೂಲದಲ್ಲಿ ಅದು ಪಕ್ಕದ ಕಟ್ಟಡಕ್ಕೆ ಬೆಂಕಿ ಹಬ್ಬದಂತೆ ತಡೆಯುವ ಗೋಡೆ. ‘ತಡೆಗೋಡೆ’ ಚೆನ್ನಾಗಿದೆ, ಆದರೆ ಘಟ್ಟದ ಕಡೆಯವರಿಗೆ ಅದು ಗುಡ್ಡ ಕುಸಿಯದಂತೆ ರಸ್ತೆ ಬದಿಗೆ ಕಟ್ಟುವ ಗೋಡೆ. ಫೈಲಿಗೆ ‘ಕಡತ’ ಹಾಕಬಹುದು, ನನಗೆ ಬಹಳ ಇಷ್ಟದ ಪದ. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು, ಮಡಿಚಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದ ಆ ಕಪ್ಪು ಪುಸ್ತಕವೇ ಕಡತ. ಆದರೆ ‘ಕಡತ ಇಳಿಕೆ’ ಅಂದರೆ ಏನೋ ಬೆಲೆ ಇಳಿದ ಹಾಗೆ ಕೇಳಿಸುತ್ತದೆ. ಹಾಗಾಗಿ ಡೌನ್‌ಲೋಡ್ ಡೌನ್‌ಲೋಡೇ.

ನನ್ನ ತಕರಾರು ಇರುವುದು ಅದರ ಹಿಂದಿನ ‘ಸಸ್ಪಿಶಿಯಸ್’ ಬಗ್ಗೆ.

ಹಿಂದೆ ನಾನಿದ್ದ ಒಂದು ಕಾಲೇಜಿನಲ್ಲಿ ನಡೆದದ್ದು ಹೇಳುತ್ತೇನೆ. ಬೆಳಗ್ಗೆ ಲಾಗ್ ತೆಗೆದು ನೋಡಿದೆ. 192.168.1.47 ಅನ್ನುವ ಕಂಪ್ಯೂಟರ್, 80ನೇ ಪೋರ್ಟು (ವೆಬ್ ಸಂಪರ್ಕದ ಬಾಗಿಲು), ಒಂದು ಇಎಕ್ಸ್‌ಇ ಫೈಲು (ವಿಂಡೋಸ್ ಪ್ರೋಗ್ರಾಂ), ಸಮಯ 2:13. ಮಧ್ಯರಾತ್ರಿ ದಾಟಿದ ಮೇಲೆ! ನಾನು ಹಿಂದೆಮುಂದೆ ನೋಡದೆ ‘ಶಂಕಿತ ಡೌನ್‌ಲೋಡ್ ಪತ್ತೆ’ ಅಂತ ಎರಡು ಸಾಲು ಬರೆದು ಆಫೀಸಿಗೆ ಕಳಿಸಿದೆ. ರಾತ್ರಿ ಹೊತ್ತು ಲ್ಯಾಬಿನ ಬೀಗ ತೆಗೆದವರು ಯಾರು ಅನ್ನುವ ಮಾತು ಬಂತು. ಬೀಗದ ಕೈ ಅಟೆಂಡರ್ ಹತ್ತಿರ ಇರುತ್ತಿತ್ತು. ಅವರನ್ನು ಕರೆಸಿ ಕೂರಿಸಿದರು.

ಮಧ್ಯಾಹ್ನದ ಹೊತ್ತಿಗೆ ನನಗೆ ಹೊಳೆಯಿತು. ಆ ಫೈರ್‌ವಾಲ್ ಗಡಿಯಾರ ನಮ್ಮ ಸಮಯದಲ್ಲಿ ಇರಲೇ ಇಲ್ಲ, ಯುಟಿಸಿಯಲ್ಲಿತ್ತು, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ. ಐದೂವರೆ ಗಂಟೆ ಸೇರಿಸಿದರೆ ಬೆಳಗ್ಗೆ 7:43. ಅಟೆಂಡರ್ ದಿನಾ ಏಳೂವರೆಗೆ ಬಂದು ಕಸ ಗುಡಿಸಿ ಕಂಪ್ಯೂಟರ್‌ಗಳನ್ನು ಆನ್ ಮಾಡುತ್ತಿದ್ದರು. ಆನ್ ಆದ ತಕ್ಷಣ ಆಂಟಿವೈರಸ್ ತನ್ನ ಅಪ್‌ಡೇಟನ್ನು ತಾನೇ ಇಳಿಸಿಕೊಂಡಿತ್ತು. ಆ ಇಎಕ್ಸ್‌ಇ ಅದೇ. ತಪ್ಪು ನನ್ನದು, ಗಡಿಯಾರ ನೋಡಲಿಲ್ಲ. ಆದರೆ ಅಷ್ಟು ದೂರ ಹೋಗಲು ಆ ‘ಶಂಕಿತ’, ಅದರ ಬೆನ್ನಿಗೆ ಬಂದ ‘ಪತ್ತೆ’, ಎರಡೂ ಕಾರಣ ಅಂತ ನನಗೆ ಇವತ್ತಿಗೂ ಅನಿಸುತ್ತದೆ. ಪತ್ತೆ ಅಂದರೆ ಕಳ್ಳ ಸಿಕ್ಕ ಅಂತಲೇ ಅಲ್ವಾ ಜನ ಓದುವುದು?

‘ಶಂಕಿತ’ ಪೇಪರಿನಲ್ಲಿ ಎರಡು ಥರ ಓಡಾಡುತ್ತದೆ. ‘ಶಂಕಿತ ಡೆಂಗಿ ಪ್ರಕರಣ’ ಅಂದಾಗ ಇನ್ನೂ ರಕ್ತಪರೀಕ್ಷೆ ಆಗಿಲ್ಲ ಅಂತ ಮಾತ್ರ ಅರ್ಥ, ಯಾರ ಮೇಲೂ ಆರೋಪವಿಲ್ಲ. ‘ಶಂಕಿತ ಉಗ್ರ’ ಅಂದಾಗ ಓದುಗ ಮನಸ್ಸಿನಲ್ಲೇ ತೀರ್ಪು ಕೊಟ್ಟು ಮುಗಿಸಿರುತ್ತಾನೆ. ನನಗೆ ಬೇಕಾದದ್ದು ಡೆಂಗಿಯ ಶಂಕಿತ. ಬಂದದ್ದು ಇನ್ನೊಂದು.

‘ಅನುಮಾನಾಸ್ಪದ’, ‘ಸಂಶಯಾಸ್ಪದ’ ಸ್ವಲ್ಪ ಮೆತ್ತಗಿವೆ. ಆದರೆ ‘ಆಸ್ಪದ’ ಅಂದರೆ ಎಡೆ, ಜಾಗ. ಅನುಮಾನಕ್ಕೆ ಜಾಗ ಕೊಟ್ಟದ್ದು ಆ ಫೈಲು ಅಂತಾಗುತ್ತದೆ. ಕೊಂಕು ಅದರಲ್ಲೇ ಇದೆ ಅನ್ನುವ ಧ್ವನಿ. ಮಾತಿನಲ್ಲಿ ನಾವು ಹಾಗೆ ಹೇಳುವುದಿಲ್ಲ. ‘ನನಗೆ ಅನುಮಾನ ಬಂತು’ ಅನ್ನುತ್ತೇವೆ. ಅನುಮಾನ ಬರುವುದು ನೋಡುವವನಿಗೆ. ಫೈಲು ಸುಮ್ನೆ ಇರುತ್ತದೆ.

ಇನ್ನೂ ಒಂದು. ತರ್ಕಶಾಸ್ತ್ರದಲ್ಲಿ ಅನುಮಾನ ಅಂದರೆ ಸಂಶಯ ಅಲ್ಲವೇ ಅಲ್ಲ. ಬೆಟ್ಟದ ಮೇಲೆ ಹೊಗೆ ಕಂಡಿತು, ಆದ್ದರಿಂದ ಅಲ್ಲಿ ಬೆಂಕಿ ಇದೆ ಅಂತ ತಿಳಿಯುವುದು ಅನುಮಾನ. ಲಾಗ್ ಓದುವವರು ಮಾಡುವುದೂ ಅದನ್ನೇ. ಲಾಗಿನ ಸಾಲಿನಲ್ಲಿ ಇರುವುದು ಯಾವ ಯಂತ್ರ, ಎಲ್ಲಿಗೆ, ಯಾವಾಗ, ಎಷ್ಟು ಬೈಟು, ಬಿಟ್ಟೆವಾ ತಡೆದೆವಾ ಅನ್ನುವುದು ಮಾತ್ರ. ಎಚ್‌ಟಿಟಿಪಿಎಸ್ (ಗೂಢಲಿಪಿಯಲ್ಲಿ ಹೋಗುವ ವೆಬ್ ಸಂಪರ್ಕ) ಆದರೆ ಸಾಮಾನ್ಯವಾಗಿ ಸೈಟಿನ ಹೆಸರು, ಗಾತ್ರ, ಅಷ್ಟಕ್ಕೆ ಮುಗಿಯಿತು. ಒಳಗೇನಿದೆ ಕಾಣುವುದಿಲ್ಲ. ಕುರ್ಚಿಯಲ್ಲಿ ಯಾರು ಕೂತಿದ್ದರು ಅನ್ನುವುದಂತೂ ಇಲ್ಲವೇ ಇಲ್ಲ. 47 ಅನ್ನುವ ನಂಬರು ನಾಳೆ ಬೇರೆ ಯಂತ್ರಕ್ಕೂ ಹೋಗಬಹುದು. ಹೊಗೆ ಮಾತ್ರ ಕಾಣುತ್ತದೆ. ಬೆಂಕಿಯಾ, ಯಾರೋ ಒಲೆ ಹಚ್ಚಿದ್ದಾರಾ, ಹತ್ತಿ ನೋಡಬೇಕು.

ಎಲ್ಲ ಕಡೆ ಹೀಗೇ ಅನುಮಾನದಲ್ಲೇ ಉಳಿಯಬೇಕು ಅಂತಲ್ಲ. ಹೆಸರು ‘ಬಿಲ್.ಪಿಡಿಎಫ್’, ಆದರೆ ಫೈಲ್ ತೆರೆದು ನೋಡಿದರೆ ಮೊದಲ ಎರಡು ಅಕ್ಷರ ‘ಎಂ’ ‘ಝಡ್’. ವಿಂಡೋಸಿನ ಇಎಕ್ಸ್‌ಇ ಫೈಲ್ ಶುರುವಾಗುವುದೇ ಹಾಗೆ. ನಿಜವಾದ ಪಿಡಿಎಫ್ ಆಗಿದ್ದರೆ ಶೇಕಡಾ ಚಿಹ್ನೆ, ಅದರ ಹಿಂದೆ ಪಿಡಿಎಫ್ ಅಂತ ಇರಬೇಕು. ಇಂಥದ್ದಕ್ಕೆ ಅನುಮಾನ ಯಾಕೆ? ನಮ್ಮಲ್ಲೇ ‘ಸೋಗು’ ಇದೆ. ‘ಸೋಗಿನ ಫೈಲು’ ಅಂತ ಬರೆದಿದ್ದೇನೆ. ಲ್ಯಾಬಿನವರಿಗೆ ಓದಿ ಹೇಳಿದಾಗ ಯಾರೂ ಅರ್ಥ ಕೇಳಲಿಲ್ಲ. ಇದನ್ನು ಮಾತ್ರ ನಾನು ಬಿಡುವುದಿಲ್ಲ.

ಹಾಗೆಯೇ ಐಕಾರ್ ಅನ್ನುವ ಪರೀಕ್ಷೆಯ ಫೈಲು. ಬರೀ 68 ಅಕ್ಷರ, ಯಾವ ಅಪಾಯವೂ ಇಲ್ಲ, ಆದರೆ ಆಂಟಿವೈರಸ್‌ಗಳು ಅದನ್ನು ಕಂಡರೆ ಕೂಗಬೇಕು ಅಂತಲೇ ಮಾಡಿರುವುದು. ಪಾಠಕ್ಕೆ ಅಂತ ನಾವೇ ಅದನ್ನು ಇಳಿಸುತ್ತೇವೆ. ಅದನ್ನೂ ‘ಅನುಮಾನಾಸ್ಪದ’ ಪಟ್ಟಿಗೆ ಸೇರಿಸಿದರೆ ನಗೆಪಾಟಲು. ನಮಗೆ ಅದರ ಬಗ್ಗೆ ಒಂದು ಚೂರೂ ಅನುಮಾನವಿಲ್ಲವಲ್ಲ.

ಈಗ ನನ್ನ ಮುಂದೆ ಇರುವುದು ಎರಡು. ಒಂದು ‘ಗುಮಾನಿ’. ಪಾರಸಿಯಿಂದ ಬಂದದ್ದು, ಆದರೂ ಪೂರಾ ನಮ್ಮದೇ ಆಗಿದೆ. ‘ನನಗೊಂದು ಗುಮಾನಿ’ ಅಂದಾಗ ಸಾಕ್ಷಿ ಕೈಯಲ್ಲಿಲ್ಲ ಅಂತ ಹೇಳುವವನೇ ಒಪ್ಪಿಕೊಂಡ ಹಾಗಿರುತ್ತದೆ. ಆದರೆ ‘ಗುಮಾನಿ ಡೌನ್‌ಲೋಡ್’ ಅಂತ ಜೋಡಿಸಿದರೆ ನಾಲಿಗೆಗೆ ಕೂರುವುದಿಲ್ಲ. ಇನ್ನೊಂದು ‘ಅನುಮಾನ ಬಂದ ಡೌನ್‌ಲೋಡ್’. ಅರ್ಥ ಸರಿ, ಉದ್ದ ಜಾಸ್ತಿ. ತಿಂಗಳ ವರದಿಯ ಕಾಲಂ ಮೇಲೆ ಎರಡು ಪದಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ‘ನೋಡಬೇಕಾದವು’ ಅಂತ ಬರೆದುಬಿಡಲಾ ಅಂತಲೂ ಯೋಚಿಸಿದೆ. ಅದು ಮನೆಗೆಲಸದ ಪಟ್ಟಿ ಥರ ಆಯಿತು ಅಂತ ಮನೆಯಲ್ಲೇ ನಕ್ಕರು.

ಪೊಲೀಸ್ ಠಾಣೆಯ ಬರಹ, ಬ್ಯಾಂಕಿನ ಕನ್ನಡ ಫಾರಂ ಇಂಥದ್ದನ್ನು ದಿನಾ ನೋಡುವವರು ಈ ಬಳಗದಲ್ಲಿ ಇದ್ದೀರಿ. ದೂರದೆ, ಬರೀ ‘ಒಮ್ಮೆ ನೋಡಿ’ ಅನ್ನುವಷ್ಟು ಹೇಳುವ ಪದ ನಿಮ್ಮ ಕಡೆ ಬಳಕೆಯಲ್ಲಿದೆಯಾ? ಹಾಗೇ ‘ಡ್ರಾಪ್’, ‘ರಿಜೆಕ್ಟ್’ ಬಗ್ಗೆಯೂ ಸ್ವಲ್ಪ ಹೇಳಿ. ಮೊದಲನೆಯದರಲ್ಲಿ ಫೈರ್‌ವಾಲ್ ಬಂದದ್ದನ್ನು ಮಾತಾಡದೆ ಬಿಸಾಕುತ್ತದೆ, ಎರಡನೆಯದರಲ್ಲಿ ಆಗುವುದಿಲ್ಲ ಅಂತ ಹೇಳಿ ವಾಪಸ್ ಕಳಿಸುತ್ತದೆ. ನಾನು ಎರಡಕ್ಕೂ ‘ತಡೆ’ ಅಂತಲೇ ಹಾಕಿ ಕೂತಿದ್ದೇನೆ.