ಸಿಸಿ ರಸ್ತೆಯ ಎಂ.ಬಿ. (ಕಾಮಗಾರಿಯ ಅಳತೆ ಪುಸ್ತಕ) ಪ್ರತಿ ಕೇಳಿದರೆ 'ನಮ್ಮಲ್ಲಿಲ್ಲ' ಎಂಬ ಹಿಂಬರಹ: ಮುಂದೇನು?

ಸವಣೂರು_ಸೀಮೆ:
ಹಾವೇರಿ ಜಿಲ್ಲೆಯ ಒಂದು ಗ್ರಾಮ ಪಂಚಾಯ್ತಿಗೆ ಮಾಹಿತಿ ಹಕ್ಕಿನಡಿ ಕೇಳಿದ್ದು: "ಸಿಸಿ ರಸ್ತೆ ಒಂದೇ ಮಳೆಗಾಲಕ್ಕೆ ಯಾಕೆ ಕಿತ್ತುಹೋಯಿತು? ಅದರ ಎಂ.ಬಿ. ಪ್ರತಿ ಕೊಡಿ. 5 ವರ್ಷದ ಎಲ್ಲ ಕಾಮಗಾರಿಗಳ ವಿವರ ಕೊಡಿ." 30 ದಿನ ದಾಟಿದ ಮೇಲೆ ಹಿಂಬರಹ ಬಂತು: ಪ್ರಶ್ನೆಗೆ ಉತ್ತರಿಸಲು ಅವಕಾಶವಿಲ್ಲ, ಎಂ.ಬಿ. ಎಂಜಿನಿಯರಿಂಗ್ ಉಪವಿಭಾಗದಲ್ಲಿದೆ, ಅಲ್ಲೇ ಕೇಳಿ, ಉಳಿದದ್ದಕ್ಕೆ ಪುಟಕ್ಕೆ 2 ರೂಪಾಯಿ ಕಟ್ಟಿ. ಈಗ ಮೇಲ್ಮನವಿಯೋ, ಹೊಸ ಅರ್ಜಿಯೋ?

ಧಾರವಾಡ_ಟಪಾಲು:
ಎರಡೂ ಹಾಕ್ರಿ, ಒಂದಕ್ಕೊಂದು ಅಡ್ಡಿ ಬರೂದಿಲ್ಲ.

ಮೊದಲು ಮೇಲ್ಮನವಿ. ಗ್ರಾಮ ಪಂಚಾಯ್ತಿಗೆ ಪಿಡಿಒ ಮಾಹಿತಿ ಅಧಿಕಾರಿ, ಅವರ ಮ್ಯಾಲ ತಾಲ್ಲೂಕು ಪಂಚಾಯ್ತಿ ಇಒ (ಕಾರ್ಯನಿರ್ವಾಹಕ ಅಧಿಕಾರಿ). ಹಿಂಬರಹ ಕೈಗೆ ಬಂದ 30 ದಿನದೊಳಗ ಇಒ ಅವರಿಗೆ ಬರೀರಿ. ಎಂ.ಬಿ. ಬ್ಯಾರೆ ಕಚೇರಿಯೊಳಗ ಇದ್ದರ ಅರ್ಜಿಯನ್ನ 5 ದಿನದೊಳಗ ಅಲ್ಲಿಗೆ ವರ್ಗಾಯಿಸಿ ನಿಮಗ ತಿಳಿಸೋದು ಪಿಡಿಒ ಕೆಲಸ, ಕಲಂ 6(3). 'ಅಲ್ಲೇ ಕೇಳಿ' ಅಂತ ಬರದು ಕೈ ತೊಳಕೊಳ್ಳಾಕ ಬರೂದಿಲ್ಲ. ಗಡುವು ಮೀರಿದ್ದಕ್ಕ ಕಲಂ 7(6)ರ ಪ್ರಕಾರ ಪ್ರತಿ ಪುಕ್ಕಟೆ ಕೊಡಬೇಕು. ರೊಕ್ಕ ಕೇಳೂ ಪತ್ರ 30 ದಿನದೊಳಗ ಹೊಂಟಿದ್ರ ಮಾತ್ರ ಕಟ್ಟಬೇಕಿತ್ತು.

ಲಕೋಟೆ ಒಗೀಬ್ಯಾಡ್ರಿ. ಹಿಂಬರಹದ ಮ್ಯಾಲ ಹಳೇ ತಾರೀಖು ಹಾಕಿದ್ರೂ ಅಂಚೆ ಮುದ್ರೆ ಖರೇ ತಾರೀಖು ಹೇಳತೈತಿ. ಅರ್ಜಿಯ ಸ್ವೀಕೃತಿ, ಲಕೋಟೆ, ಹಿಂಬರಹ, ಮೂರರ ಝೆರಾಕ್ಸೂ ಮೇಲ್ಮನವಿಗೆ ಹಚ್ಚರಿ.

ಗದಗ_ಅಳತೆ:
ಮೇಲಿನದು ಸರಿ. ಆದರೆ 'ಯಾಕೆ ಕಿತ್ತುಹೋಯಿತು' ಎಂಬುದಕ್ಕೆ ಮೇಲ್ಮನವಿಯಲ್ಲೂ ಉತ್ತರ ಸಿಗುವುದಿಲ್ಲ. ಕಡತದಲ್ಲಿ ಇರುವುದನ್ನು ಕೊಡಬೇಕೇ ಹೊರತು ಇಲ್ಲದ ಮಾಹಿತಿಯನ್ನು ಹೊಸದಾಗಿ ಬರೆದುಕೊಡುವ ಹೊಣೆ ಅಧಿಕಾರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2011ರ ಸಿಬಿಎಸ್‌ಇ ಪ್ರಕರಣದಲ್ಲೇ ಹೇಳಿದೆ. ಕಾಗದದ ಹೆಸರು ಹಿಡಿದು ಕೇಳಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, 10 ರೂಪಾಯಿ ಶುಲ್ಕ. ಉಪವಿಭಾಗಕ್ಕೆ ನಮೂನೆ 'ಎ'ಯಲ್ಲಿ ಹೀಗೆ ಬರೆಯಿರಿ:

"... ಗ್ರಾಮದ ... ಇಂದ ... ವರೆಗಿನ ಸಿಸಿ ರಸ್ತೆ, ವರ್ಷ ... : ಮಂಜೂರಾದ ಅಂದಾಜು ಪತ್ರಿಕೆ, ಕಾರ್ಯಾದೇಶ, ಎಂ.ಬಿ.ಯ ಸಂಬಂಧಿಸಿದ ಪುಟಗಳು, ಕಾಂಕ್ರೀಟ್ ಕ್ಯೂಬ್ ಪರೀಕ್ಷಾ ವರದಿ, ಅಂತಿಮ ಬಿಲ್, ಇವುಗಳ ದೃಢೀಕೃತ ಪ್ರತಿ."

ಕಾಮಗಾರಿಯ ಹೆಸರು ಕ್ರಿಯಾ ಯೋಜನೆಯಲ್ಲಿ ಇದ್ದ ಹಾಗೆಯೇ ಇರಲಿ. ಊರವರು ಕರೆಯುವ ಓಣಿಯ ಹೆಸರು ಬರೆದರೆ 'ಅಂಥ ಕಾಮಗಾರಿ ಇಲ್ಲ' ಎಂದು ಸುಲಭವಾಗಿ ತಿರುಗಿ ಬರುತ್ತದೆ.

ಎಂ.ಬಿ. ಕೈಗೆ ಬಂದಾಗ ಉದ್ದ, ಅಗಲ, ದಪ್ಪದ ಕಾಲಂ ನೋಡಿ. 100 ಮೀಟರ್, 3 ಮೀಟರ್, 0.15 ಮೀಟರ್ ಎಂದಿದ್ದರೆ 45 ಘನ ಮೀಟರ್ ಕಾಂಕ್ರೀಟ್ ಲೆಕ್ಕಕ್ಕೆ ಬಂದಿದೆ. ರಸ್ತೆ ಒಡೆದ ನಾಲ್ಕಾರು ಕಡೆ ಟೇಪ್ ಹಿಡಿದಾಗ ದಪ್ಪ 10 ಸೆಂಟಿಮೀಟರೇ ಬಂದರೆ 30 ಘನ ಮೀಟರ್ ಮಾತ್ರ ಬಿದ್ದಂತಾಯಿತು. ಉಳಿದ 15 ಎಲ್ಲಿ ಹೋಯಿತು ಎಂದು ಆಗ ಜಿಲ್ಲಾ ಪಂಚಾಯ್ತಿ ಸಿಇಒಗೆ ದೂರು ಕೊಡಿ. 'ಯಾಕೆ' ಎಂದು ಕೇಳುವ ಜಾಗ ಅದು.

ನರೇಗಾ ಕಾಮಗಾರಿಯಾಗಿದ್ದರೆ ಎನ್‌ಎಂಆರ್ (ಕೂಲಿಕಾರರ ಹಾಜರಿ ಪಟ್ಟಿ), ಕೂಲಿ ಪಾವತಿ ಜಾಲತಾಣದಲ್ಲೇ ಸಿಗುತ್ತವೆ. ಅರ್ಜಿಯ ಪದಗಳನ್ನು ಅದಕ್ಕೆ ಖರ್ಚು ಮಾಡಬೇಡಿ.

ಸವಣೂರು_ಸೀಮೆ:
5 ವರ್ಷದ ವಿವರಕ್ಕೆ 'ಪುಟ ಬಹಳ' ಅಂದರೆ? ಗುತ್ತಿಗೆದಾರರ ಬಿಲ್ 'ಖಾಸಗಿ' ಅಂದರೆ?

ಉಣಕಲ್_ಕೆರೆದಂಡೆ:
ಪುಟ ಬಹಳ ಎಂಬುದು ನಿರಾಕರಣೆಗೆ ಕಾರಣವಲ್ಲ. ಕಲಂ 7(9) ಹೇಳುವುದು ಮಾಹಿತಿಯನ್ನು ಯಾವ ರೂಪದಲ್ಲಿ ಕೊಡಬೇಕೆಂಬುದನ್ನು ಮಾತ್ರ. ಆದರೂ ಕಲಂ 2(ಜೆ) ಅಡಿ ಕಡತ ಪರಿಶೀಲನೆ ಕೇಳುವುದೇ ಜಾಣತನ: ಕುಳಿತು ನೋಡಿ, ಬೇಕಾದ ಪುಟದ ಸಂಖ್ಯೆ ಬರೆದುಕೊಂಡು ಅಷ್ಟರದ್ದೇ ಪ್ರತಿ ತೆಗೆದುಕೊಳ್ಳಿ. ಬಿಲ್ಲಿನಲ್ಲಿ ಬ್ಯಾಂಕ್ ಖಾತೆ ಸಂಖ್ಯೆಯಂಥದ್ದು ಇದ್ದರೆ ಕಲಂ 10ರಂತೆ ಅಷ್ಟನ್ನು ಮಸಿ ಹಚ್ಚಿ ಉಳಿದದ್ದು ಕೊಡಬೇಕು.

ಇಒ 30 ದಿನದಲ್ಲಿ, ಕಾರಣ ಬರೆದಿಟ್ಟರೆ ಹೆಚ್ಚೆಂದರೆ 45 ದಿನದಲ್ಲಿ ಆದೇಶ ಮಾಡಬೇಕು. ಮಾಡದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಆಯೋಗದ ಪೀಠ ಬೆಳಗಾವಿಯಲ್ಲೂ ಇದೆ. ಇಲ್ಲೊಂದು ಎಚ್ಚರ: ಕಲಂ 18ರ 'ದೂರು' ಹಾಕಿದರೆ ದಂಡದ ವಿಚಾರಣೆ ನಡೆಯಬಹುದು, ಮಾಹಿತಿ ಕೊಡಿಸಲು ಬರುವುದಿಲ್ಲ. ಇದೂ 2011ರ ಸುಪ್ರೀಂ ಕೋರ್ಟ್ ತೀರ್ಪೇ. ಪ್ರತಿ ಬೇಕಿದ್ದರೆ ಎರಡನೇ ಮೇಲ್ಮನವಿಯ ಕಲಂ 19(3) ಎಂದೇ ಬರೆಯಿರಿ. ದಿನಕ್ಕೆ 250ರಂತೆ 25,000 ರೂಪಾಯಿವರೆಗಿನ ದಂಡವನ್ನು ಅದೇ ಮೇಲ್ಮನವಿಯಲ್ಲಿ ಕೇಳಬಹುದು.