ಮಕ್ಕಳ ಮೂತ್ರದ ಸೋಂಕು: ತಿಂಗಳುಗಟ್ಟಲೆ ಆಂಟಿಬಯೋಟಿಕ್ ಕೊಡಬೇಕೇ?

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನಮ್ಮ ಮೂರು ವರ್ಷದ ಮಗಳಿಗೆ ಒಂದೇ ವರ್ಷದಲ್ಲಿ ಎರಡು ಸಲ ಜ್ವರದೊಂದಿಗೆ ಮೂತ್ರದ ಸೋಂಕಾಯಿತು. ಎಂಸಿಯು ಪರೀಕ್ಷೆಯಲ್ಲಿ (ಮೂತ್ರಕೋಶಕ್ಕೆ ಎಕ್ಸ್‌ರೇಯಲ್ಲಿ ಕಾಣುವ ದ್ರವ ತುಂಬಿಸಿ ತೆಗೆಯುವ ಚಿತ್ರ) ಬಲಗಡೆ ಮೂರನೇ ಗ್ರೇಡಿನ (ಐದು ಹಂತಗಳಲ್ಲಿ ಮೂರನೆಯದು) ರಿಫ್ಲಕ್ಸ್ ಕಂಡಿದ್ದರಿಂದ, ರಾತ್ರಿ ಒಂದು ಹೊತ್ತು ಕೋಟ್ರಿಮಾಕ್ಸಜೋಲ್ ಎಂಬ ಆಂಟಿಬಯೋಟಿಕ್ ಸಿರಪ್ಪನ್ನು ಬಹಳ ಕಾಲ ಕೊಡಬೇಕೆಂದು ಬರೆದಿದ್ದಾರೆ. ಇಷ್ಟು ದಿನ ಕೊಟ್ಟರೆ ಕಿಡ್ನಿಯೇ ಕೆಡುತ್ತದೆಂದು ಅತ್ತೆಯವರು ಹೆದರುತ್ತಿದ್ದಾರೆ. ನಿಲ್ಲಿಸಬಹುದೇ?

ಉತ್ತರ: ನಮಸ್ಕಾರ. ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ಮೂತ್ರಕೋಶದಿಂದ ಮೂತ್ರ ಹಿಮ್ಮುಖವಾಗಿ ಕಿಡ್ನಿಯ ಕಡೆಗೆ ಏರುವುದೇ ರಿಫ್ಲಕ್ಸ್. ಅದರೊಂದಿಗೆ ರೋಗಾಣುಗಳೂ ಏರಿದಾಗ ಜ್ವರ ಬರುತ್ತದೆ. ಈ ಸಿರಪ್ಪನ್ನು ಚಿಕಿತ್ಸೆಗೆ ಕೊಡುವುದಕ್ಕಿಂತ ಬಹಳ ಕಡಿಮೆ ಪ್ರಮಾಣದಲ್ಲಿ ಕೊಡಲಾಗುತ್ತದೆ. ರಾತ್ರಿ ಮೂತ್ರ ಹೆಚ್ಚು ಹೊತ್ತು ಒಳಗೇ ನಿಲ್ಲುವುದರಿಂದ ಮಲಗುವ ಮುನ್ನ ಕೊಡುವುದು ರೂಢಿ.

ಆದರೆ ಇದರಿಂದ ಎಷ್ಟು ನಿರೀಕ್ಷಿಸಬಹುದೆಂಬುದು ನಿಮಗೆ ತಿಳಿದಿರಬೇಕು. ಅಮೆರಿಕದಲ್ಲಿ ರಿಫ್ಲಕ್ಸ್ ಇದ್ದ 607 ಮಕ್ಕಳ ಮೇಲೆ ಎರಡು ವರ್ಷ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇದೇ ಔಷಧ ಪಡೆದ 302 ಮಕ್ಕಳಲ್ಲಿ 39 ಮಂದಿಗೆ ಸೋಂಕು ಮರುಕಳಿಸಿದರೆ, ಔಷಧವಿಲ್ಲದ ಸಿರಪ್ ಪಡೆದ 305 ಮಕ್ಕಳಲ್ಲಿ 72 ಮಂದಿಗೆ ಮರುಕಳಿಸಿತು. ಸೋಂಕು ಹೆಚ್ಚುಕಡಿಮೆ ಅರ್ಧಕ್ಕಿಳಿದರೂ ಕಿಡ್ನಿಯಲ್ಲಿ ಕಲೆ ಉಳಿದ ಮಕ್ಕಳ ಪ್ರಮಾಣ ಎರಡೂ ಗುಂಪುಗಳಲ್ಲಿ ಸರಿಸುಮಾರು ಒಂದೇ ಆಗಿತ್ತು. ಮೂತ್ರದ ಸೋಂಕಿಗೆ ಸಾಮಾನ್ಯ ಕಾರಣವಾದ ಇ. ಕೋಲಿ ಎಂಬ ರೋಗಾಣುವಿನಿಂದ ಸೋಂಕು ಮತ್ತೆ ತಗುಲಿದವರ ಪೈಕಿ, ಔಷಧ ಪಡೆಯುತ್ತಿದ್ದವರಲ್ಲಿ ನೂರಕ್ಕೆ 63 ಮಂದಿಯ ರೋಗಾಣು ಆ ಔಷಧಕ್ಕೆ ಬಗ್ಗದಂತಾಗಿತ್ತು; ಉಳಿದವರಲ್ಲಿ ಅದು 19 ಮಾತ್ರ. ನನ್ನನ್ನು ಕೇಳಿದರೆ, ಅತ್ತೆಯವರು ಚಿಂತಿಸಬೇಕಾದದ್ದು ಕಿಡ್ನಿ ಕೆಡುವುದರ ಬಗ್ಗೆಯಲ್ಲ, ಇದರ ಬಗ್ಗೆ. ಹೀಗಾಗಿ ಎಷ್ಟು ತಿಂಗಳು, ಯಾವಾಗ ಮರುಪರಿಶೀಲನೆ ಎಂಬುದನ್ನು ನಿಮ್ಮ ವೈದ್ಯರಿಂದ ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ಮೈಮೇಲೆ ದದ್ದು ಅಥವಾ ಬಾಯಿಹುಣ್ಣು ಕಂಡರೆ ಮುಂದಿನ ಡೋಸ್ ಕೊಡದೆ ಅಂದೇ ತೋರಿಸಿ.

ಪ್ರಶ್ನೆ: ಜ್ವರ ಬಂದರೆ ಇದೇ ಸಿರಪ್ಪನ್ನು ಎರಡು ಹೊತ್ತು ಕೊಟ್ಟರೆ ಸಾಕೇ? ಅವಳಿಗೆ ಮಲಬದ್ಧತೆಯೂ ಇದೆ, ಮೂರು ದಿನಕ್ಕೊಮ್ಮೆ ಗಟ್ಟಿಯಾಗಿ ಹೋಗುತ್ತಾಳೆ.

ಉತ್ತರ: ಸಾಲದು. ಔಷಧ ನಡೆಯುತ್ತಿರುವಾಗಲೂ ಸೋಂಕಾದರೆ ಅದು ಈ ಔಷಧಕ್ಕೆ ಜಗ್ಗದ ರೋಗಾಣುವಾಗಿರುವ ಸಂಭವವೇ ಹೆಚ್ಚು. ಕಾರಣ ತಿಳಿಯದ ಜ್ವರ ಬಂದರೆ ಕಾದು ನೋಡದೆ ಅದೇ ದಿನ, ಹೊಸ ಆಂಟಿಬಯೋಟಿಕ್ ಶುರು ಮಾಡುವ ಮೊದಲೇ, ಮೂತ್ರದ ಕಲ್ಚರ್ (ಮೂತ್ರದಲ್ಲಿರುವ ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ಮಾಡಿಸಿ. ಅವಳಿಗೆ ಹೇಳಿದಾಗ ಮೂತ್ರ ಮಾಡಲು ಬರುವುದಾದರೆ, ಜಾಗವನ್ನು ಬರೀ ನೀರಿನಲ್ಲಿ ತೊಳೆದು, ಮೊದಲ ಧಾರೆ ಬಿಟ್ಟು ನಡುವಿನದನ್ನು ಲ್ಯಾಬಿನವರು ಕೊಟ್ಟ ಶುದ್ಧ ಡಬ್ಬಿಯಲ್ಲಿ ಹಿಡಿಯಿರಿ. ಅಂಟಿಸುವ ಚೀಲದಲ್ಲಿ ಹಿಡಿದದ್ದು ಚರ್ಮದ ರೋಗಾಣು ಬೆರೆತು ದಾರಿ ತಪ್ಪಿಸುತ್ತದೆ.

ಮಲಬದ್ಧತೆಯ ವಿಷಯ ಹೇಳಿದ್ದು ಬಹಳ ಒಳ್ಳೆಯದಾಯಿತು. ಇದನ್ನು ನಿಮ್ಮ ವೈದ್ಯರಿಗೂ ತಪ್ಪದೆ ತಿಳಿಸಿ. ಗಟ್ಟಿ ಮಲ ತುಂಬಿದ ಕರುಳು ಮೂತ್ರಕೋಶವನ್ನು ಒತ್ತುವುದರಿಂದ ಮೂತ್ರ ಪೂರ್ತಿ ಖಾಲಿಯಾಗದೆ ಸೋಂಕು ಮರಳುತ್ತದೆ. ಇದನ್ನು ಸರಿಪಡಿಸದೆ ಸಿರಪ್ ಒಂದನ್ನೇ ನೆಚ್ಚಿಕೊಳ್ಳಬಾರದು. ಮಲ ಸಡಿಲಿಸುವ ಔಷಧವನ್ನು ಕೆಲವು ತಿಂಗಳು ಕೊಡಬೇಕಾಗಬಹುದು. ಊಟವಾದ ಮೇಲೆ ಪಾದ ಊರಲು ಮಣೆಯಿಟ್ಟು ಐದು ನಿಮಿಷ ಕೂರಿಸಿ, ಎರಡು ಮೂರು ಗಂಟೆಗೊಮ್ಮೆ ಮೂತ್ರಕ್ಕೆ ಕಳುಹಿಸಿ; ಅಂಗನವಾಡಿಗೆ ಹೋಗುವವಳಾದರೆ ಅಲ್ಲಿಯ ಟೀಚರಿಗೂ ಹೇಳಿಡಿ.