ಮೈಎಸ್‌ಕ್ಯೂಎಲ್: ರೌಂಡ್ ಹಾಕಿದರೂ ಜಿಎಸ್‌ಟಿಯಲ್ಲಿ ಒಂದು ಪೈಸೆ ಕಡಿಮೆ

ಎಸ್‌ಪಿ ರೋಡ್ ಬಿಲ್ಲಿಂಗ್

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಬಿಡಿಭಾಗ ಮಾರುವ ಅಂಗಡಿಯೊಂದರ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಡೇಟಾಬೇಸ್ ಮೈಎಸ್‌ಕ್ಯೂಎಲ್ 8. ರೆಸಿಸ್ಟರ್, ಕನೆಕ್ಟರ್ ತರಹದ ಚಿಲ್ಲರೆ ಸಾಮಾನೇ ಜಾಸ್ತಿ. ಜಿಎಸ್‌ಟಿ ಶೇ. 18, ಅಂದರೆ ಕೇಂದ್ರಕ್ಕೆ 9, ರಾಜ್ಯಕ್ಕೆ 9.

10.50 ರೂಪಾಯಿ ಸಾಮಾನಿಗೆ ಶೇ. 9 ಅಂದರೆ 0.945. ಎರಡು ದಶಮಾಂಶಕ್ಕೆ ರೌಂಡ್ ಮಾಡಿದರೆ 0.95 ಬರಬೇಕು ಅಲ್ವಾ? ನನಗೆ 0.94 ಬರುತ್ತಿದೆ. ಲೆಕ್ಕ ನೋಡುವವರ ಎಕ್ಸೆಲ್‌ನಲ್ಲಿ 0.95 ಇದೆ. ಕ್ವೆರಿ ಇದು (ಓದಲು ಸುಲಭ ಆಗಲಿ ಅಂತ ಕನ್ನಡದಲ್ಲೇ ಬರೆದಿದ್ದೇನೆ):

ಸೆಲೆಕ್ಟ್ ರೌಂಡ್(ಬೆಲೆ * ದರ / 100, 2) ಫ್ರಮ್ ಬಿಲ್_ಸಾಲು;

ಟೇಬಲ್ ಬಿಟ್ಟು ನೇರವಾಗಿ ಅಂಕಿ ಹಾಕಿ, ರೌಂಡ್(10.50 * 9 / 100, 2) ಅಂತ ಓಡಿಸಿದರೆ ಸರಿಯಾಗಿ 0.95 ಕೊಡುತ್ತದೆ. ಏನು ನೋಡಬೇಕು ಹೇಳಿ.

ಜಯನಗರ ಕೋಡರ್

ಸರ್, ಸುಲಭದ ದಾರಿ ಇದೆ. 100ರಿಂದ ಗುಣಿಸಿ, 0.5 ಸೇರಿಸಿ, ಫ್ಲೋರ್ ಮಾಡಿ (ಕೆಳಗಿನ ಪೂರ್ಣಾಂಕಕ್ಕೆ ಇಳಿಸಿ), ಮತ್ತೆ 100ರಿಂದ ಭಾಗಿಸಿ. ರೌಂಡ್ ಬೇಕಾಗುವುದೇ ಇಲ್ಲ.

ಡಿಬಿಎ ಮಲ್ಲೇಶ್ವರ

ದಯವಿಟ್ಟು ಆ ದಾರಿ ಹಿಡಿಯಬೇಡಿ, ಕಾರಣ ಆಮೇಲೆ ಹೇಳುತ್ತೇನೆ. ರೌಂಡ್‌ನಲ್ಲಿ ತೊಂದರೆ ಇಲ್ಲ. ಅದಕ್ಕೆ ಕೊಡುತ್ತಿರುವ ಸಂಖ್ಯೆಯ ಟೈಪ್ ನೋಡಬೇಕು. ನಿಮ್ಮ ‘ಬೆಲೆ’ ಕಾಲಮ್ ಡಬಲ್ ಇರಬೇಕು. ಡಿಸ್ಕ್ರೈಬ್ ಬಿಲ್_ಸಾಲು ಅಂತ ಕೊಟ್ಟು ನೋಡಿ.

ಡಬಲ್ ಅನ್ನುವ ಟೈಪ್ ಸಂಖ್ಯೆಯನ್ನು ಬೈನರಿಯಲ್ಲಿ, ಅಂದರೆ 0 ಮತ್ತು 1ರಲ್ಲಿ, ಇಡುತ್ತದೆ. 0.5, 0.25 ಅದರಲ್ಲಿ ಸರಿಯಾಗಿ ಕೂರುತ್ತವೆ. 0.945 ಕೂರುವುದಿಲ್ಲ. ಒಳಗೆ ಇರುವುದು ಸುಮಾರು 0.94499999999999995. ಜೊತೆಗೆ, ಸರಿಯಾಗಿ ನಡುವೆ ಬಿದ್ದ ಸಂಖ್ಯೆಯನ್ನು ಡೆಸಿಮಲ್ (ದಶಮಾಂಶ ಅಂಕಿಗಳನ್ನು ಇದ್ದ ಹಾಗೇ ಇಡುವ ಟೈಪ್) ಒಂದು ರೀತಿ ರೌಂಡ್ ಮಾಡಿದರೆ ಡಬಲ್ ಇನ್ನೊಂದು ರೀತಿ ಮಾಡುತ್ತದೆ. ಡೆಸಿಮಲ್ ಆದರೆ ಸೊನ್ನೆಯಿಂದ ದೂರಕ್ಕೆ ಹೋಗುತ್ತದೆ. ಡಬಲ್ ಆದರೆ ಸಿಸ್ಟಮ್‌ನ ಸಿ ಲೈಬ್ರರಿ ಹೇಳಿದ ಹಾಗೆ, ಸಾಮಾನ್ಯವಾಗಿ ಹತ್ತಿರದ ಸಮಸಂಖ್ಯೆಗೆ. ಪರೀಕ್ಷೆ ಮಾಡಿ ನೋಡಿ: ರೌಂಡ್(2.5) 3 ಕೊಡುತ್ತದೆ. 25ಇ-1 ಅಂದರೂ 2.5, ಆದರೆ ರೌಂಡ್(25ಇ-1) 2 ಕೊಡುತ್ತದೆ. ಸಂಖ್ಯೆ ಒಂದೇ, ಬರೆದ ರೀತಿಯಿಂದ ಟೈಪ್ ಬದಲಾಯಿತು. ನೀವು ನೇರವಾಗಿ ಅಂಕಿ ಹಾಕಿದಾಗ 0.95 ಬಂದದ್ದು ಇದಕ್ಕೇ. 10.50 ಅಂತ ಬರೆದರೆ ಮೈಎಸ್‌ಕ್ಯೂಎಲ್ ಅದನ್ನು ಡೆಸಿಮಲ್ ಅಂತಲೇ ಓದುತ್ತದೆ.

ಮೊದಲು ಬ್ಯಾಕಪ್ ತೆಗೆದುಕೊಳ್ಳಿ. ಆಮೇಲೆ:

ಆಲ್ಟರ್ ಟೇಬಲ್ ಬಿಲ್_ಸಾಲು ಮಾಡಿಫೈ ಬೆಲೆ ಡೆಸಿಮಲ್(12,4) ನಾಟ್ ನಲ್;

ಎರಡರ ಬದಲು ನಾಲ್ಕು ದಶಮಾಂಶ ಇಟ್ಟಿದ್ದೇನೆ. ರೆಸಿಸ್ಟರ್ ಬಿಡಿ ಬೆಲೆ 0.125 ರೂಪಾಯಿ ಇದ್ದರೆ ಎರಡರಲ್ಲಿ ಹಿಡಿಯುವುದಿಲ್ಲ. ಇನ್ನೊಂದು ಎಚ್ಚರಿಕೆ: ಸುಮ್ನೆ ಡೆಸಿಮಲ್ ಅಂತ ಮಾತ್ರ ಬರೆದರೆ ಅದು ಡೆಸಿಮಲ್(10,0). ಪೈಸೆ ಪೂರ್ತಿ ಹೋಗುತ್ತದೆ.

ಎಸ್‌ಪಿ ರೋಡ್ ಬಿಲ್ಲಿಂಗ್

ಹೌದು ಸರ್, ಡಬಲ್ ಇತ್ತು. ಬದಲಾಯಿಸಿದೆ. ಆದರೂ 0.94! ಡಿಸ್ಕ್ರೈಬ್‌ನಲ್ಲಿ ಈಗ ಬೆಲೆ ಡೆಸಿಮಲ್(12,4), ದರ ವಾರ್‌ಚಾರ್(5).

ಡಿಬಿಎ ಮಲ್ಲೇಶ್ವರ

ಸಿಕ್ಕಿತು. ದರ ವಾರ್‌ಚಾರ್‌ನಲ್ಲಿದೆ, ಅಂದರೆ ಅಕ್ಷರಗಳ ಟೈಪ್‌ನಲ್ಲಿ. ಅಕ್ಷರ ರೂಪದ ಅಂಕಿಯನ್ನು ಲೆಕ್ಕಕ್ಕೆ ತಂದರೆ ಮೈಎಸ್‌ಕ್ಯೂಎಲ್ ಅದನ್ನು ಡಬಲ್ ಮಾಡಿಕೊಳ್ಳುತ್ತದೆ. ಡೆಸಿಮಲ್ ಜೊತೆ ಡಬಲ್ ಗುಣಿಸಿದರೆ ಉತ್ತರವೂ ಡಬಲ್. ಒಂದು ಕಡೆ ಸರಿ ಮಾಡಿ ಇನ್ನೊಂದು ಕಡೆ ಬಿಟ್ಟರೆ ಪ್ರಯೋಜನ ಇಲ್ಲ.

ದರವನ್ನು ಡೆಸಿಮಲ್(5,2) ಮಾಡಿ. ಅದಕ್ಕೂ ಮುಂಚೆ ಯಾವುದಾದರೂ ಸಾಲಿನಲ್ಲಿ ‘9%’ ಅಂತ ಗುರುತು ಸಮೇತ ಬರೆದಿದೆಯಾ ನೋಡಿ. ಇದ್ದರೆ ಸ್ಟ್ರಿಕ್ಟ್ ಮೋಡ್‌ನಲ್ಲಿ (ತಪ್ಪು ಡೇಟಾ ಒಪ್ಪದ ಸೆಟ್ಟಿಂಗ್) ಆಲ್ಟರ್ ಅಲ್ಲೇ ನಿಲ್ಲುತ್ತದೆ. ಈಗಲೇ ಟೇಬಲ್ ಮುಟ್ಟಲು ಆಗದಿದ್ದರೆ, ಕ್ವೆರಿಯಲ್ಲಿ ‘ದರ’ ಇರುವ ಜಾಗದಲ್ಲಿ ಕಾಸ್ಟ್(ದರ ಆ್ಯಸ್ ಡೆಸಿಮಲ್(5,2)) ಹಾಕಿ, ಅದು ಕ್ವೆರಿಯಲ್ಲೇ ಟೈಪ್ ಬದಲಾಯಿಸುತ್ತದೆ. ಕಾಸ್ಟ್ ಲೆಕ್ಕದ ಒಳಗೇ ಇರಲಿ.

ಎಸ್‌ಪಿ ರೋಡ್ ಬಿಲ್ಲಿಂಗ್

0.95 ಬಂತು! ತುಂಬಾ ಧನ್ಯವಾದ ಸರ್. ಇನ್ನೊಂದು ಪ್ರಶ್ನೆ. ಇಂಥದ್ದೇ ಮೂರು ಸಾಲಿರುವ ಬಿಲ್‌ನಲ್ಲಿ ಸಾಲುಗಳ ತೆರಿಗೆ ಕೂಡಿದರೆ 2.85. ಒಟ್ಟು ಮೊತ್ತದ ಮೇಲೆ ತೆಗೆದರೆ 2.84. ಯಾವುದು ಸರಿ?

ಡಿಬಿಎ ಮಲ್ಲೇಶ್ವರ

ಗಣಿತದಲ್ಲಿ ಎರಡೂ ಸರಿ. ಸಮ್(ರೌಂಡ್(...)) ಅಂದರೆ 0.95 ಮೂರು ಸಲ. ರೌಂಡ್(ಸಮ್(...)) ಅಂದರೆ 2.835ನ್ನು ಕೊನೆಗೆ ಒಂದೇ ಸಲ ರೌಂಡ್ ಮಾಡಿದ್ದು. ಬಿಲ್‌ನಲ್ಲಿ ಪ್ರತಿ ಸಾಲಿನ ತೆರಿಗೆ ಪ್ರಿಂಟ್ ಆಗುತ್ತಿದ್ದರೆ ಒಟ್ಟು ಆ ಸಾಲುಗಳ ಮೊತ್ತವೇ ಆಗಿರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಗಿರಾಕಿ ಕ್ಯಾಲ್ಕುಲೇಟರ್ ಹಿಡಿದು ಕೂಡಿದರೆ ತಾಳೆ ಆಗಬೇಕು. ಅದು ಅವರ ಹಕ್ಕು. ಸಾಲುವಾರು ತೆರಿಗೆ ತೋರಿಸದಿದ್ದರೆ ಕೊನೆಗೆ ಒಂದೇ ಸಲ ರೌಂಡ್ ಮಾಡಿ. ಯಾವುದಾದರೂ ಸರಿ, ಬಿಲ್ ಪ್ರಿಂಟ್, ತಿಂಗಳ ವರದಿ, ಜಿಎಸ್‌ಟಿ ರಿಟರ್ನ್ ಮೂರಕ್ಕೂ ಒಂದೇ ಪದ್ಧತಿ ಇರಲಿ. ಲೆಕ್ಕ ನೋಡುವವರನ್ನು ಕೇಳಿಯೇ ತೀರ್ಮಾನಿಸಿ.

ಪೂರ್ಣ ರೂಪಾಯಿಗೆ ರೌಂಡ್ ಮಾಡುವುದು ಬೇರೆ ವಿಷಯ. 2017ರ ಸಿಜಿಎಸ್‌ಟಿ (ಕೇಂದ್ರ ಜಿಎಸ್‌ಟಿ) ಕಾಯ್ದೆಯ ಸೆಕ್ಷನ್ 170 ತೆರಿಗೆ ಮೊತ್ತವನ್ನು ಹತ್ತಿರದ ರೂಪಾಯಿಗೆ ತರಲು ಹೇಳುತ್ತದೆ: 50 ಪೈಸೆ ಅಥವಾ ಜಾಸ್ತಿ ಇದ್ದರೆ ಮೇಲಕ್ಕೆ, ಕಡಿಮೆ ಇದ್ದರೆ ಬಿಡುವುದು. ಅದನ್ನು ಸಾಲುಗಳ ಲೆಕ್ಕದೊಳಗೆ ಬೆರೆಸಬೇಡಿ.

ವೈಟ್‌ಫೀಲ್ಡ್ ಬ್ಯಾಕೆಂಡ್

ನಾನು ಪೋಸ್ಟ್‌ಗ್ರೆಸ್ ಅನ್ನುವ ಇನ್ನೊಂದು ಡೇಟಾಬೇಸ್‌ನಲ್ಲಿ ಕೆಲಸ ಮಾಡುವುದು. ಅಲ್ಲಿ ಡಬಲ್ ಪ್ರಿಸಿಷನ್ ಕಾಲಮ್‌ಗೆ ರೌಂಡ್(ಬೆಲೆ, 2) ಕೊಟ್ಟರೆ ಇಂಥ ಫಂಕ್ಷನ್ ಇಲ್ಲ ಅಂತ ಎರರ್ ಬರುತ್ತದೆ. ಹೀಗೆ ಎರಡು ಆರ್ಗ್ಯುಮೆಂಟ್ ತೆಗೆದುಕೊಳ್ಳುವ ರೌಂಡ್ ಇರುವುದು ನ್ಯೂಮರಿಕ್‌ಗೆ (ಅಲ್ಲಿನ ಡೆಸಿಮಲ್) ಮಾತ್ರ. ಕಾಸ್ಟ್ ಮಾಡಿದರೆ ಸರಿಹೋಗುತ್ತದೆ. ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸ್ ಬಳಸುವವರಿಗೂ ಒಂದು ಮಾತು: ಅಲ್ಲಿ ರೌಂಡ್(123.456, 2) ಉತ್ತರ 123.460. ಕೊನೆಯ ಸೊನ್ನೆ ಬೇಡ ಅಂದರೆ ಡೆಸಿಮಲ್(10,2)ಗೆ ಕಾಸ್ಟ್ ಮಾಡಬೇಕು.

ಎಸ್‌ಪಿ ರೋಡ್ ಬಿಲ್ಲಿಂಗ್

ಸಾವಿರಕ್ಕೆ ಕಾಮಾ ಬೇಕು ಅಂತ ಹಿಂದೆ ಸಾಫ್ಟ್‌ವೇರ್ ಬರೆದವರು ಕೆಲವು ಕಡೆ ಫಾರ್ಮ್ಯಾಟ್(ಮೊತ್ತ, 2) ಹಾಕಿದ್ದಾರೆ. ಬಿಡಬಹುದಾ?

ಡಿಬಿಎ ಮಲ್ಲೇಶ್ವರ

ತೋರಿಸುವ ಕೊನೆಯ ಹಂತದಲ್ಲಿ ಮಾತ್ರ ಇರಲಿ. ಫಾರ್ಮ್ಯಾಟ್ ಕೊಡುವುದು ಸಂಖ್ಯೆ ಅಲ್ಲ, ಅಕ್ಷರ. ‘1,234.50’ ಅನ್ನುವುದನ್ನು ಮತ್ತೆ ಕೂಡಲು ಹೋದರೆ ಮೈಎಸ್‌ಕ್ಯೂಎಲ್ ಕಾಮಾ ತನಕ ಓದಿ 1 ಅಂತ ತೆಗೆದುಕೊಳ್ಳುತ್ತದೆ. ಒಂದು ಪೈಸೆಯ ವ್ಯತ್ಯಾಸ ಹುಡುಕಲು ಹೋಗಿ ಸಾವಿರಾರು ರೂಪಾಯಿ ತಪ್ಪಬಹುದು.

ಜಯನಗರ ಕೋಡರ್

ಸರ್, ಫ್ಲೋರ್ ಯಾಕೆ ಬೇಡ ಅಂತ ಹೇಳಲಿಲ್ಲ. 0.945ಗೆ ಅದು 0.95 ಕೊಡುತ್ತದೆ, ಓಡಿಸಿ ನೋಡಿದೆ.

ಡಿಬಿಎ ಮಲ್ಲೇಶ್ವರ

ಇದಕ್ಕೆ ಕೊಡುತ್ತದೆ, ಒಪ್ಪುತ್ತೇನೆ. ಡಬಲ್‌ನಲ್ಲೇ 1.005 ಹಾಕಿ ನೋಡಿ. 100ರಿಂದ ಗುಣಿಸಿದಾಗ 100.49999999999999 ಆಗಿ, ಕೊನೆಗೆ 1.00 ಬರುತ್ತದೆ.

ಡೆಸಿಮಲ್ ಮಾಡಿಕೊಂಡರೂ ಫ್ಲೋರ್‌ಗೆ ಇನ್ನೊಂದು ತೊಂದರೆ ಇದೆ. ಗಿರಾಕಿ ಸಾಮಾನು ವಾಪಸ್ ತಂದರು, ಕ್ರೆಡಿಟ್ ನೋಟ್ ಆಯಿತು, ತೆರಿಗೆ ಮೈನಸ್ 0.945. 100ರಿಂದ ಗುಣಿಸಿದರೆ ಮೈನಸ್ 94.5. ಅದಕ್ಕೆ 0.5 ಸೇರಿಸಿದರೆ ಮೈನಸ್ 94. ಉತ್ತರ ಮೈನಸ್ 0.94. ಮಾರಾಟಕ್ಕೆ 0.95 ತೆಗೆದುಕೊಂಡು ವಾಪಸ್ 0.94 ಕೊಟ್ಟ ಹಾಗೆ. ಡೆಸಿಮಲ್ ಮೇಲಿನ ರೌಂಡ್ ಆದರೆ ಮೈನಸ್ 0.95 ಕೊಡುತ್ತದೆ, ಎರಡೂ ಸೇರಿ ಸೊನ್ನೆ.

ಎಸ್‌ಪಿ ರೋಡ್ ಸರ್, ಹಳೆಯ ಬಿಲ್‌ಗಳನ್ನು ಈಗ ಮತ್ತೆ ಲೆಕ್ಕ ಹಾಕಬೇಡಿ. ಅವು ಗಿರಾಕಿ ಕೈ ಸೇರಿವೆ. ತೆರಿಗೆಗೆ ಅಂತ ಡೆಸಿಮಲ್(12,2) ಕಾಲಮ್ ಒಂದು ಸೇರಿಸಿ, ಬಿಲ್ ಆಗುವಾಗಲೇ ಮೊತ್ತವನ್ನು ಅದರಲ್ಲಿ ಬರೆದಿಡಿ. ಹಳೆಯದಕ್ಕೆ ಪ್ರಿಂಟ್ ಆದ ಅಂಕಿಯನ್ನೇ ತುಂಬಿಸಿ. ವರದಿ ಕ್ವೆರಿ ಆ ಕಾಲಮ್ ಕೂಡಿದರೆ ಸಾಕು, ಮತ್ತೆ ರೌಂಡ್ ಬೇಡ. ಹಳೆಯ ಸಾಮಾನು ವಾಪಸ್ ಬಂದರೂ ಅಲ್ಲಿಂದಲೇ ಮೊತ್ತ ತೆಗೆದುಕೊಳ್ಳಿ.